ಮೂರನೆಯವನ ಮೀಸೆ

ಆ ಆಲ್ಬಮ್ಮನ್ನು ಬರ್ನಡೆಟ್ ಕದ್ದು ತಂದದ್ದಲ್ಲ. ಎರಡು ಡಾಲರನ್ನು ತಾನೇ ತಗಡಿನ ಡಬ್ಬಿಗೆ ಹಾಕಿದ್ದಳು. ಹಾಕಿದ್ದನ್ನು ಪಕ್ಕದಲ್ಲಿದ್ದ ಇಬ್ಬರು ನೋಡಿಯೂ ಇದ್ದರು. ಮುಂದಿನ ವಾರಗಳಲ್ಲಿ ಅವಳು ತನಗೆ ತಾನೇ ಹೇಳಿಕೊಂಡ ಸಮಾಧಾನಗಳಲ್ಲಿ ಇದೇ ಮೊದಲನೆಯದು. ಎಲ್ಲಕ್ಕಿಂತ ಬೇಗ ಸವೆದುಹೋದದ್ದೂ ಇದೇ.

ಚರ್ಚಿನಲ್ಲಿ ಹಳೆ ಸಾಮಾನಿನ ಮಾರಾಟ ಜನವರಿಯ ಕೊನೆಯ ಶನಿವಾರ. ಹಿಂದಿನ ದಿನ ನೆಲಮಾಳಿಗೆಯಲ್ಲಿ ಕೂತು ಪೆಟ್ಟಿಗೆ ಬಿಚ್ಚಿ ಬೆಲೆಚೀಟಿ ಅಂಟಿಸುವ ಹೆಂಗಸರಿಗೆ ಒಂದು ಸವಲತ್ತಿತ್ತು: ಬಾಗಿಲು ತೆರೆಯುವ ಮುಂಚೆ ತಲೆಗೊಂದು ವಸ್ತು ಆರಿಸಿಕೊಳ್ಳಬಹುದು. ಜೊತೆಗೊಂದು ಕಟ್ಟುಪಾಡೂ ಇತ್ತು. ಫೋಟೊ, ಕಾಗದ, ಡೈರಿ, ಜಪದ ಪುಸ್ತಕ, ಹೀಗೆ ಯಾರದೇ ಕೈಬರಹ ಇರುವ ಯಾವುದನ್ನೂ ಮಾರಕೂಡದು. ಮೆಟ್ಟಿಲ ಕೆಳಗಿನ ಪೆಟ್ಟಿಗೆಗೆ ಹಾಕಬೇಕು, ಮನೆಯವರು ಬಂದು ಕೇಳುವವರೆಗೆ ಅಲ್ಲೇ ಇರಬೇಕು. ಮನೆ ಖಾಲಿ ಮಾಡುವವರು ಅವಸರದಲ್ಲಿ ಏನೇನೋ ಕಳಿಸಿಬಿಡುತ್ತಾರೆ, ಅದಕ್ಕೆ. ಆ ಪೆಟ್ಟಿಗೆಗೆ ತೂಗುಹಾಕಿದ್ದ 'ಕೈಬರಹ ಇದ್ದರೆ ಇಲ್ಲಿಗೆ' ಎಂಬ ರಟ್ಟನ್ನು ಬರೆದವಳು ಬರ್ನಡೆಟ್ಟೇ.

ಕಪ್ಪು ರಟ್ಟಿನ ಆಲ್ಬಮ್. ಮೊದಲ ಪುಟ ಹರಿದುಹೋಗಿತ್ತು. ಉಳಿದ ಪುಟಗಳಲ್ಲಿ ಹುಡುಗರು ಕೂಡಿಡುವಂಥ, ಆಟಗಾರರ ಚಿತ್ರದ, ನಾಲ್ಕು ನಾಲ್ಕು ಬೇಸ್‌ಬಾಲ್ ಕಾರ್ಡು, ಮೈದಾ ಅಂಟು ಹಚ್ಚಿ ಕೂರಿಸಿದ್ದು. ಆಟಗಾರರ ಮುಖದ ಸುತ್ತ ಮರದ ಹಲಗೆಯಂಥ ಕಂದು ಅಂಚು. ಅಂಚು ಕಂಡದ್ದೇ ಅವಳಿಗೆ ಇಸವಿ ಗೊತ್ತಾಯಿತು. ೧೯೬೨. ಹನ್ನೊಂದು ವರ್ಷದಿಂದ ಗಂಡನ ಬಾಯಲ್ಲಿ ಅದೊಂದೇ ಇಸವಿ. ಪ್ರತಿ ಕಾರ್ಡಿನ ಕೆಳಗೂ ನೀಲಿ ಶಾಯಿಯಲ್ಲಿ ಒಂದೋ ಎರಡೋ ಸಾಲು, ಯಾವುದೋ ಹುಡುಗನ ಅಕ್ಷರ. ಅದೂ ಕಂಡಿತು. ಇದು ಫೋಟೊ ಅಲ್ಲ, ಡೈರಿಯೂ ಅಲ್ಲ, ಆಟದ ಕಾರ್ಡು ಅಂದುಕೊಂಡಳು. ಅದೇ ಪೆಟ್ಟಿಗೆಯಿಂದ ಒಂದು ನೀಲಿ ಎನಾಮೆಲ್ ಪಾತ್ರೆಯೂ ಬಂತು, ಹಿಡಿಯ ಹತ್ತಿರ ಬಣ್ಣ ಹಾರಿದ್ದು. ಇದನ್ನೆಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲಿ ಎಂದು ತನ್ನನ್ನು ಕೇಳಿಕೊಳ್ಳಲಿಲ್ಲ. ಮೂರು ಡಾಲರ್ ಎಂದು ಚೀಟಿ ಅಂಟಿಸಿದಳು.

ಗಂಡ ಎಮಿಲ್ ಚೆರ್ವೆನಾಕ್ ನದಿ ದಂಡೆಯ ತಂತಿ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ದುಡಿದು ಮನೆ ಸೇರಿದವನು. ಸೇರಿದ ಮೇಲೆ ಅವನ ಪಾಳಿಯೆಲ್ಲ ಮನೆಯ ನೆಲಮಾಳಿಗೆಯ ಮೇಜಿನ ಮುಂದೆ. ಆ ಇಸವಿಯ ಕಾರ್ಡುಗಳು ಒಟ್ಟು ಐನೂರ ತೊಂಬತ್ತೆಂಟು. ಅಷ್ಟನ್ನೂ ಕೂಡಿಸಬೇಕು, ಆದರೆ ಯಾವುದಕ್ಕೂ ಐದು ಡಾಲರಿಗಿಂತ ಹೆಚ್ಚು ಕೊಡಬಾರದು. ಹೀಗೆಂದು ಫೈಲಿನ ಒಳರಟ್ಟಿನ ಮೇಲೆ ತಾನೇ ಬರೆದು ಸಹಿ ಹಾಕಿಕೊಂಡಿದ್ದ. ಹಾಗಾಗಿ ಅವನ ಹತ್ತಿರ ಬಂದವರೆಲ್ಲ ಗಾಯಾಳುಗಳು. ನಡು ಮುರಿದವರು, ಹಣೆಗೆ ಪಿನ್ನು ಚುಚ್ಚಿಸಿಕೊಂಡವರು, ಯಾವ ಕಾಲದ್ದೋ ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿ ಪಟಪಟ ಬಡಿಸಿಕೊಂಡವರು, ನಾಯಿ ಕಚ್ಚಿದವರು. ಮೊಮ್ಮಗಳು ಟೆಸ್ ಆ ಫೈಲಿಗೆ ಬಡವರ ಆಸ್ಪತ್ರೆ ಎಂದು ಹೆಸರಿಟ್ಟಿದ್ದಳು. ಐನೂರ ಎಂಬತ್ತೊಂಬತ್ತರವರೆಗೆ ಬಂದು ಲೆಕ್ಕ ನಿಂತುಬಿಟ್ಟಿತ್ತು. ಕೊನೆಯ ಕಂತಿನ ಕಾರ್ಡುಗಳು ಆ ಕಾಲದಲ್ಲೇ ಕಡಿಮೆ ಅಚ್ಚಾದವು. ಹರಿದದ್ದಕ್ಕೂ ಇಪ್ಪತ್ತು, ಮೂವತ್ತು ಕೇಳುತ್ತಿದ್ದರು. ನಾಲ್ಕು ವರ್ಷದಿಂದ ಎಮಿಲ್ ಒಂಬತ್ತು ನಂಬರುಗಳ ಒಂದು ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ. ಮಾತೂ ಆ ಚೀಟಿಯಷ್ಟೇ ಆಗಿತ್ತು.

ಅಕ್ಟೋಬರಿನಲ್ಲಿ ಮಗಳು ಮಾರ್ಲೀನ್ ಗಂಡನನ್ನು ಬಿಟ್ಟು, ಹದಿನೈದು ವರ್ಷದ ಟೆಸ್‌ಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಟೆಸ್‌ಗೆ ಹೊಲಿಗೆ ಕೋಣೆಯಲ್ಲಿ ಮಂಚ ಬಿತ್ತು. ಮಾರ್ಲೀನಳ ಬಟ್ಟೆ ಮೂರು ತಿಂಗಳಾದರೂ ರಟ್ಟಿನ ಪೆಟ್ಟಿಗೆಯಲ್ಲೇ. ದಂತವೈದ್ಯರ ಆಫೀಸಿಗೆ ಹೋಗುವ ಮುಂಚೆ ದಿನಾ ಬೆಳಿಗ್ಗೆ ಹಜಾರದ ನಡುವೆ ಕುಕ್ಕರುಗಾಲಲ್ಲಿ ಕೂತು ಒಂದು ಕುಪ್ಪಸಕ್ಕಾಗಿ ತಡಕಾಡುತ್ತಿದ್ದಳು.

"ಕೆಳಗೆ ಐನೂರ ಎಂಬತ್ತೊಂಬತ್ತು ಗಂಡಸರು ಆರಾಮಾಗಿ ಮಲಗಿದಾರೆ, ಒಬ್ಬ ಹೆಂಗಸಿನ ಬೀರು ಇಡೋಕೆ ಜಾಗ ಇಲ್ಲ," ಎಂದಳು ಒಂದು ಸಂಜೆ, ಎಲೆಕೋಸಿನ ಸುರುಳಿಗಳನ್ನು ಬಡಿಸಿಕೊಳ್ಳುತ್ತ.

"ಅವರು ಬಾಡಿಗೆ ಕೊಡಲ್ಲ, ನಿಜ," ಎಂದ ಎಮಿಲ್, ತಟ್ಟೆಯಿಂದ ತಲೆಯೆತ್ತದೆ. "ಆದ್ರೆ ಊಟಾನೂ ಕೇಳಲ್ಲ."

ಮಾರ್ಲೀನ್ ತಟ್ಟೆ ಬಿಟ್ಟು ಎದ್ದಳು. ಬರ್ನಡೆಟ್ ಆ ಸುರುಳಿಗಳನ್ನು ಮರುದಿನ ಬಿಸಿಮಾಡಿ ತಾನೇ ತಿಂದಳು. ಈ ಮನೆಯಲ್ಲಿ ಒಬ್ಬರು ಒಂದು ಸಲ ನಕ್ಕರೆ ಸಾಕು ಅನ್ನಿಸಿದ್ದ ಆ ದಿನಗಳಲ್ಲೇ ಆಲ್ಬಮ್ ಕಣ್ಣಿಗೆ ಬಿದ್ದದ್ದು. ಇದು ಅವಳ ಎರಡನೆಯ ಸಮಾಧಾನ.

ತನ್ನ ಹುಟ್ಟುಹಬ್ಬದ ಭಾನುವಾರ ಎಮಿಲ್ ಅವಳು ಉಡುಗೊರೆ ಕೊಟ್ಟ ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ತಿರುವಿದ, ಮತ್ತೆ ಮೊದಲಿಂದ ತಿರುವಿದ. ಜೇಬಿನ ಚೀಟಿ ತೆಗೆದು ಮೇಜಿನ ಮೇಲೆ ಹರವಿದ.

"ಎಂಟು ಇದಾವೆ, ಬರ್ನಿ," ಎಂದ. "ಒಂಬತ್ತರಲ್ಲಿ ಎಂಟು."

ಅಂಟಿದ ಕಾರ್ಡು ಬಿಡಿಸುವುದಕ್ಕೆ ಕಾರ್ಡು ಕೂಡಿಸುವವರಲ್ಲಿ ಒಂದು ಕ್ರಮವಿದೆ. ಕಿತ್ತರೆ ಹಿಂಬದಿ ಹೋಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಪುಟಸಮೇತ ಮುಳುಗಿಸಿ ಇಪ್ಪತ್ತು ನಿಮಿಷ ಕಾಯಬೇಕು. ಹಳೆಯ ಮೈದಾ ಅಂಟಾದರೆ ಕರಗಿ ಕಾರ್ಡು ತಾನಾಗಿ ಜಾರಿ ಬರುತ್ತದೆ. ಬಟ್ಟೆಯ ಮೇಲೆ ಹಾಸಿ, ಒರೆಸಿ, ದಪ್ಪ ಪುಸ್ತಕದಡಿ ಇಟ್ಟರಾಯಿತು. ಬರ್ನಡೆಟ್ ಹಂದಿತೊಡೆ ಬೇಯಿಸುವ ದೊಡ್ಡ ತಟ್ಟೆಯನ್ನು ತಾನೇ ಇಳಿಸಿಕೊಟ್ಟಳು. ಎಮಿಲ್ ಅಡಿಗೆಮನೆಯ ಮೇಜಿನ ಮೇಲೆ ಪುಟ ಕತ್ತರಿಸುತ್ತಿದ್ದಾಗ ಟೆಸ್ ಒಂದು ಪುಟ ಎತ್ತಿ ಹಿಡಿದು ಓದಿದಳು.

"ಅಜ್ಜಿ, ಕೇಳು. 'ಮಳೆ. ಏಳನೇ ಸುತ್ತಿಗೆ ಆಟ ನಿಂತಿತು. ಅಪ್ಪ ಕುರ್ಚಿಯಲ್ಲೇ ನಿದ್ದೆ ಹೋದ.' ಇದೆಲ್ಲ ನೀರಿಗಾ, ತಾತ?"

"ಬರಹಕ್ಕೆ ಯಾರು ದುಡ್ಡು ಕೊಡ್ತಾರೆ? ಕೊಡು ಇಲ್ಲಿ," ಎಂದ ಎಮಿಲ್.

ಬರ್ನಡೆಟ್ ಆಲೂಗಡ್ಡೆ ಸುಲಿಯುತ್ತಿದ್ದಳು. ಕೇಳಿಸಿತು. ಸುಲಿಯುವುದನ್ನು ನಿಲ್ಲಿಸಲಿಲ್ಲ. ನೀರು ಮೊದಲು ತಿಳಿನೀಲಿಯಾಯಿತು, ಆಮೇಲೆ ಮಾರ್ಲೀನಳ ಶಾಲೆಯ ಲಂಗದ ನೀಲಿಯಾಯಿತು. ಗಂಡಸರ ಮುಖಗಳು ಒಂದೊಂದಾಗಿ ಬಿಡಿಸಿಕೊಂಡು ತೇಲಿ ಬಂದವು. ಆ ನೀರನ್ನು ಬಚ್ಚಲಿಗೆ ಚೆಲ್ಲಿದವಳೂ, ಮೆತ್ತಗಾದ ಪುಟಗಳನ್ನು ಹಿಂಡಿ ಆಲೂ ಸಿಪ್ಪೆಯ ಜೊತೆ ಕಸದ ಚೀಲಕ್ಕೆ ತುಂಬಿದವಳೂ ಅವಳೇ. ಸೋಮವಾರ ಕಸದ ಗಾಡಿ ಬಂದು ಹೋಯಿತು.

ಉಳಿದ ಒಂದು ನಂಬರು ಒಹಾಯೋದ ಒಬ್ಬನ ಹತ್ತಿರ ಇತ್ತು. ಅದಕ್ಕೆ ಬದಲಾಗಿ ಎಮಿಲ್ ಆಲ್ಬಮ್ಮಿನಿಂದ ಹದಿನಾಲ್ಕು ಕಾರ್ಡುಗಳನ್ನು ಅಂಚೆಯಲ್ಲಿ ಕಳಿಸಿದ. ಎರಡು ವಾರದಲ್ಲಿ ಸೆಟ್ ಪೂರ್ತಿಯಾಯಿತು.

ಆಮೇಲಿನ ಎಮಿಲ್ ಬೇರೆಯೇ ಮನುಷ್ಯ. ಪಾತ್ರೆ ತೊಳೆದ. ಟೆಸ್‌ಳನ್ನು ಶಾಲೆಗೆ ಬಿಟ್ಟು ಬಂದ. ಒಂದು ಶನಿವಾರ ಯಾರೂ ಕೇಳದೆ ನೆಲಮಾಳಿಗೆಯ ಅರ್ಧ ಖಾಲಿಮಾಡಿ, ಮಗಳ ಬೀರನ್ನು ತಾನೇ ಬೆನ್ನುಕೊಟ್ಟು ಇಳಿಸಿ, ಗೋಡೆಗೆ ಮೊಳೆ ಹೊಡೆದು ಕನ್ನಡಿ ತೂಗುಹಾಕಿದ. "ಆಸ್ಪತ್ರೆ ಮುಚ್ಚಿತು, ಇನ್ನು ಹೆಂಗಸರ ವಾರ್ಡು," ಎಂದ. ಮಾರ್ಲೀನ್ ನಕ್ಕಳು. ಬರ್ನಡೆಟ್ ಒಲೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು.

ಈಸ್ಟರಿಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನ ಚರ್ಚಿನ ಹೆಂಗಸರಿಗೆ ಮಂಗಳವಾರ ಪಿರೋಗಿಯ ದಿನ. ಆಲೂಗಡ್ಡೆ, ಚೀಸಿನ ಹೂರಣ ತುಂಬಿದ ಅರ್ಧಚಂದ್ರದ ಕಡುಬುಗಳು. ಮಾಂಸ ಮುಟ್ಟದ ಶುಕ್ರವಾರಗಳಲ್ಲಿ ಚರ್ಚು ನಡೆಸುವ ಮೀನಿನೂಟಕ್ಕೆ ಸಾವಿರಗಟ್ಟಲೆ ಬೇಕು. ನೆಲಮಾಳಿಗೆಯ ಉದ್ದ ಮೇಜಿನ ಎರಡೂ ಕಡೆ ಕೂತು ಅಂಚು ಒತ್ತುತ್ತ ಹೋಗುವುದು. ಬರ್ನಡೆಟ್ ಐರಿಶ್ ಮನೆಯ ಹುಡುಗಿ. ನಲವತ್ತು ವರ್ಷದ ಹಿಂದೆ ಈ ಸ್ಲೊವಾಕ್ ಚರ್ಚಿಗೆ ಸೊಸೆಯಾಗಿ ಬಂದಾಗ ಅವಳು ಒತ್ತಿದ್ದೆಲ್ಲ ಕುದಿನೀರಿನಲ್ಲಿ ಬಾಯಿ ಬಿಡುತ್ತಿದ್ದವು. ಐರಿಶರ ಕಡುಬಿಗೂ ಐರಿಶರ ಬಾಯೇ ಎಂದು ಅತ್ತೆಯ ಸರೀಕರೆಲ್ಲ ನಗುವಾಗ ಪಕ್ಕಕ್ಕೆ ಕೂರಿಸಿಕೊಂಡು ಕಲಿಸಿದವಳು ವೆರೋನ ಹುಡಾಕ್. "ಹೆಬ್ಬೆರಳಿನಲ್ಲಿ ಒತ್ತು, ಹುಡುಗಿ. ನೀರಿಗೆ ಬಿದ್ದಮೇಲೆ ಒಳಗಿನದು ನಮ್ಮ ಮಾತು ಕೇಳಲ್ಲ." ಅಂದಿನಿಂದ ಬರ್ನಡೆಟ್‌ಳ ಜಾಗ ವೆರೋನಳ ಎದುರು.

ವೆರೋನಳಿಗೆ ಈಗ ಎಪ್ಪತ್ತಾರು. ಕ್ರಿಸ್‌ಮಸ್ ಕಳೆದಮೇಲೆ ಮನೆ ಮಾರಿ ವಯಸ್ಸಾದವರ ಕಟ್ಟಡದ ಎರಡು ಕೋಣೆಗೆ ಹೋಗಿದ್ದಳು. ತಪಸ್ಸುಕಾಲದ ಎರಡನೆಯ ಮಂಗಳವಾರ ಹಿಟ್ಟಿನ ಬಿಲ್ಲೆಗಳನ್ನು ಎಣಿಸುತ್ತ ಎಲ್ಲರಿಗೂ ಕೇಳುವಂತೆ ಹೇಳಿದಳು: ಸೊಸೆ ಸಾಮಾನು ಕಟ್ಟುವಾಗ ಅಮ್ಮನ ಟ್ರಂಕನ್ನೂ ಇಲ್ಲಿಯ ಮಾರಾಟದ ಪೆಟ್ಟಿಗೆಗೆ ಖಾಲಿ ಮಾಡಿಬಿಟ್ಟಿದ್ದಾಳೆ, ಅದರಲ್ಲಿ ತಮ್ಮ ರೀಜಿಸ್‌ನ ಆಲ್ಬಮ್ ಇತ್ತು, ಕಪ್ಪು ರಟ್ಟಿನದು. ರಕ್ತದ ಕಾಯಿಲೆಯಲ್ಲಿ ಹದಿನಾಲ್ಕಕ್ಕೆ ಹೋದ ಹುಡುಗ ರೀಜಿಸ್. ಚರ್ಚಿನಲ್ಲಿ ಹಳಬರಿಗೆಲ್ಲ ಆ ಹೆಸರು ಗೊತ್ತು.

"ರೇಡಿಯೊದಲ್ಲಿ ಆಟ ಕೇಳಿ ಏನೇನೋ ಬರೀತಿದ್ದ. ಮುಟ್ಟೋಕೆ ಬಿಡ್ತಿರಲಿಲ್ಲ ನನಗೆ," ಎಂದಳು ವೆರೋನ. "ಒಂದು ಸಲ ಕದ್ದು ತಗೊಂಡು ಯಾವನಿಗೋ ಮೀಸೆ ಬರೆದಿದ್ದೆ. ಒಂದು ವಾರ ಮಾತು ಬಿಟ್ಟಿದ್ದ, ಹಟಮಾರಿ." ನಕ್ಕು, ಕೈಯ ಹಿಟ್ಟು ಒರೆಸಿಕೊಂಡಳು. "ಅವನು ಹೋದಮೇಲೆ ಅಮ್ಮ ಬೀಗ ಹಾಕಿಟ್ಟಳು. ಅಮ್ಮ ಹೋದಮೇಲೆ ನನಗೇ ತೆಗೆಯೋಕೆ ಕೈ ಬರಲಿಲ್ಲ. ಮುಂದಿನ ವರ್ಷ, ಮುಂದಿನ ವರ್ಷ ಅಂತ. ಮೆಟ್ಟಿಲ ಕೆಳಗಿನ ಪೆಟ್ಟಿಗೇಲೂ ನೋಡಿದೆ, ಇಲ್ಲ. ಬರ್ನಿ, ಪೆಟ್ಟಿಗೆ ಬಿಚ್ಚಿದ್ದು ನೀನಲ್ವಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಬರ್ನಡೆಟ್ ಮುಟ್ಟಿಕೊಂಡದ್ದು ಕತ್ತನ್ನು. ಅಲ್ಲಿ ಹಿಟ್ಟು ಮೆತ್ತಿತು.

"ಇಲ್ಲ," ಎಂದಳು. "ನನ್ನ ಕಣ್ಣಿಗೆ ಬೀಳಲಿಲ್ಲ, ವೆರೋನ."

"ಇರಲಿ ಬಿಡು. ಸಾವಿರ ಸಾಮಾನಲ್ಲಿ ನಿನಗೆ ತಾನೇ ಹೇಗೆ ಗೊತ್ತಾಗಬೇಕು," ಎಂದಳು ವೆರೋನ. ಅವಳನ್ನು ಸಮಾಧಾನ ಮಾಡುವ ದನಿಯಲ್ಲಿ.

ಮನೆಗೆ ಬಂದು ಕೋಟು ಕಳಚದೆ ನೆಲಮಾಳಿಗೆಗೆ ಇಳಿದಳು. ಫೈಲಿನ ಕೊನೆಯ ಹಾಳೆ, ಐನೂರ ತೊಂಬತ್ತೇಳನೆಯ ಕಾರ್ಡು: ಆ ವರ್ಷದ ಹೊಸಬರ ತಲೆಗಳು ಒಟ್ಟಿಗೆ. ಮೂರನೆಯವನಿಗೆ ಬಾಲ್‌ಪೆನ್ನಿನ ಮೀಸೆ, ತುದಿ ಮೇಲಕ್ಕೆ ತಿರುವಿದ್ದು. ಶಾಯಿಯೆಲ್ಲ ಹೋಗಿ ಅದೊಂದು ಉಳಿದಿತ್ತು. ಪ್ಲಾಸ್ಟಿಕ್ಕಿನಿಂದ ಅದನ್ನು ಎಳೆಯುವಷ್ಟರಲ್ಲಿ ಬೆನ್ನ ಹಿಂದೆ ಎಮಿಲ್ ಬಂದ. ಹೆಂಡತಿ ತನ್ನ ಫೈಲನ್ನು ತಾನಾಗಿ ತೆರೆದದ್ದು ಹನ್ನೊಂದು ವರ್ಷದಲ್ಲಿ ಇದೇ ಮೊದಲು. ಅವನ ಮುಖ ಅರಳಿತು.

"ಮೀಸೆಯವನನ್ನ ನೋಡ್ತಿದೀಯಾ? ಚೆನ್ನಾಗಿರೋನಿಗೆ ನೂರು ಕೇಳ್ತಾರೆ. ಇವನು ನಮಗೆ ಪುಕ್ಕಟೆ ಬಂದ," ಎಂದ. "ಯಾವುದೋ ತುಂಟ ಮುಂಡೇದು ಬರೆದಿರಬೇಕು. ನನ್ನ ಸೆಟ್ಟಲ್ಲಿ ನನಗೆ ಇವನೇ ಇಷ್ಟ."

ಬರ್ನಡೆಟ್ ಕಾರ್ಡನ್ನು ಒಳಗೆ ತಳ್ಳಿದಳು.

ಬಟ್ಟೆ ಮಡಿಸುವಾಗ ಮಗಳಿಗೆ ಹೇಳಿದಳು. ಮಾರ್ಲೀನ್ ಟವೆಲನ್ನು ಎರಡು ಸಲ ಬಿಚ್ಚಿ ಎರಡು ಸಲ ಮಡಿಸಿದಳು. ಹೇಳಿ ಏನು ಪ್ರಯೋಜನ, ಪುಟ ಕಸದ ಗುಡ್ಡೆಯಲ್ಲಿ ಕೊಳೆತಾಗಿದೆ, ಆ ಮುದುಕಿಗೆ ಇನ್ನೊಂದು ಸಾವು ತಿಳಿಸಿದ ಹಾಗೆ ಆಗುತ್ತದೆ ಎಂದಳು. ಆಮೇಲೆ, "ಅಪ್ಪನಿಗಂತೂ ಹೇಳಬೇಡಮ್ಮ. ಈಗ ತಾನೇ ಮನುಷ್ಯ ಆಗಿದಾನೆ," ಎಂದಳು.

"ನಿನ್ನ ಬೀರು ಕೆಳಗಿಳಿದಿದೆ, ಅದಕ್ಕೆ ಹೇಳ್ತಿದೀಯ."

"ಹೂಂ, ಅದಕ್ಕೂ ಹೇಳ್ತಿದೀನಿ. ನಾನೇನು ಸಂತಳಾ?"

ಬಾಗಿಲಲ್ಲಿ ನಿಂತಿದ್ದ ಟೆಸ್, ತನ್ನ ಕಾಲುಚೀಲ ಹೆಕ್ಕಿಕೊಳ್ಳುತ್ತ, "ಅಜ್ಜಿ, ನಾನು ಅವತ್ತೇ ಕೇಳಿದ್ನಲ್ಲ, ನೀರಿಗಾ ಅಂತ," ಎಂದಳು.

ಪಾಪನಿವೇದನೆಯ ಸಾಲಿನಲ್ಲಿ ಬರ್ನಡೆಟ್ ಎರಡು ಶನಿವಾರ ನಿಂತಳು. ಪಾದ್ರಿ ಏನು ಹೇಳುತ್ತಾರೆಂಬುದು ಗೊತ್ತಿತ್ತು: ಹೋಗಿ ಅವರಿಗೇ ಹೇಳು. ಮುಂದೆ ಇಬ್ಬರು ಉಳಿದಾಗ ಎರಡು ಸಲವೂ ಒಲೆ ಆರಿಸಿಲ್ಲವೆಂದು ಪಕ್ಕದವಳಿಗೆ ಹೇಳಿ ಹೊರಟುಬಂದಳು.

ಐದನೆಯ ಶುಕ್ರವಾರ ಎಮಿಲ್ ಫೈಲನ್ನು ಕಂಕುಳಲ್ಲಿ ಇರುಕಿಕೊಂಡು ಮೀನಿನೂಟಕ್ಕೆ ಹೊರಟ. ಕಾರ್ಖಾನೆಯ ಹಳೆ ಗೆಳೆಯರು ತೋರಿಸು ಎಂದಿದ್ದರಂತೆ. ಎಣ್ಣೆ ಸಿಡಿಯುತ್ತದೆ, ಮಕ್ಕಳು ಕೈ ಹಾಕುತ್ತವೆ ಎಂದು ಬರ್ನಡೆಟ್ ಏನೇನೋ ಹೇಳಿದಳು. ಎಮಿಲ್ ಶರ್ಟಿಗೆ ಇಸ್ತ್ರಿ ಹಾಕಿಕೊಂಡಿದ್ದ. ಆ ಶರ್ಟು ನೋಡಿದ ಮೇಲೆ ಅವಳು ತನ್ನ ಏಪ್ರನ್ ಎತ್ತಿಕೊಂಡು ಕಾರಿನ ಕಡೆ ನಡೆದಳು.

ಅವಳು ಬಡಿಸುವ ಕಡೆ ಇದ್ದಳು. ದೂರದ ಮೇಜಿನಲ್ಲಿ ಗಂಡಸರು ಫೈಲಿನ ಸುತ್ತ ಗುಂಪುಗೂಡಿದ್ದು ಕಾಣುತ್ತಿತ್ತು. ಯಾರು ಯಾರನ್ನು ಎಲ್ಲಿ ನೋಡಿದ್ದರು, ಯಾವ ಆಟ ಯಾರ ಅಪ್ಪನ ಜೊತೆ ಕೇಳಿದ್ದರು ಎಂದು ಗಲಾಟೆ. ಆಗ ವೆರೋನ ಬೆಣ್ಣೆಯ ಬೋಗುಣಿ ಹಿಡಿದು ಆ ಕಡೆ ಹೋದಳು. ಬೋಗುಣಿ ಇಟ್ಟಳು. ಎಮಿಲ್ ಅವಳಿಗೂ ತೋರಿಸಿದ. ಅವಳು ಕನ್ನಡಕ ಸರಿಮಾಡಿಕೊಂಡು ಮರ್ಯಾದೆಗೆಂದು ಒಂದೆರಡು ಹಾಳೆ ನೋಡಿದಳು. ಎಮಿಲ್ ಕೊನೆಯ ಹಾಳೆಗೆ ತಿರುಗಿಸಿ, ನಗುತ್ತ, ಬೆರಳಿಟ್ಟು ತೋರಿಸಿದ.

ವೆರೋನ ಬಗ್ಗಿದಳು. ಬಗ್ಗಿದವಳು ಹಾಗೇ ಇದ್ದಳು. ಆಮೇಲೆ ತಲೆಯೆತ್ತಿ, ಅಷ್ಟು ಜನರ ನಡುವೆ ಹುಡುಕಿ, ಬಡಿಸುವ ಮೇಜಿನ ಹಿಂದೆ ಸೌಟು ಹಿಡಿದು ನಿಂತಿದ್ದ ಬರ್ನಡೆಟ್‌ಳನ್ನು ನೋಡಿದಳು. ಸಿಟ್ಟು ಇರಲಿಲ್ಲ ಆ ನೋಟದಲ್ಲಿ. ದಾರಿ ಕೇಳುವವರ ಮುಖದಂತಿತ್ತು.

"ಚೆನ್ನಾಗಿ ಇಟ್ಟಿದೀಯ, ಎಮಿಲ್," ಎಂದು ಹೇಳಿದ್ದು ತುಟಿಯಿಂದಲೇ ಗೊತ್ತಾಯಿತು. ಬೋಗುಣಿ ಅಲ್ಲೇ ಬಿಟ್ಟು, ಕೋಟು ಹಾಕಿಕೊಂಡು, ಮೆಟ್ಟಿಲು ಹತ್ತಿ ಹೋದಳು.

ಮರುದಿನ ಬೆಳಿಗ್ಗೆ ಕಾಫಿಯ ಮುಂದೆ ಬರ್ನಡೆಟ್ ಗಂಡನಿಗೆ ಎಲ್ಲ ಹೇಳಿದಳು. ಪೆಟ್ಟಿಗೆ, ರಟ್ಟಿನ ಬರಹ, ನೀಲಿ ಪಾತ್ರೆ, ಕಡುಬಿನ ಮೇಜಿನಲ್ಲಿ ವೆರೋನಳಿಗೆ ಹೇಳಿದ ಸುಳ್ಳು. ಎಮಿಲ್‌ನ ಕಿವಿ ಕೆಂಪಾಗುತ್ತ ಹೋಯಿತು.

"ಗೊತ್ತಿದ್ದೂ ನನ್ನ ಕೈಲಿ ಮೆರವಣಿಗೆ ಮಾಡಿಸಿದೆ," ಎಂದ. "ಅವಳ ಮುಂದೆ ಹಲ್ಲು ಕಿಸಿದು, ನೋಡಮ್ಮ ಮೀಸೆ ಅಂತ ನಾನೇ ತೋರಿಸಿದೆ."

"ನಿನ್ನ ಸಂತೋಷ ಕೆಡಿಸೋಕೆ ಮನಸ್ಸಾಗಲಿಲ್ಲ."

"ನನ್ನ ಸಂತೋಷದ ಮೇಲೆ ಹಾಕಬೇಡ. ನಿನಗೆ ನಾಚಿಕೆ ಆಯ್ತು, ಅದಕ್ಕೆ ಹೇಳಲಿಲ್ಲ."

ಮಾರ್ಲೀನ್ ನಡುವೆ ಬಾಯಿ ಹಾಕಿ, ಪುಟಕ್ಕೆ ನೀರು ತೋರಿಸಿದ ಕೈ ಯಾರದು, ಬರಹಕ್ಕೆ ಯಾರು ದುಡ್ಡು ಕೊಡ್ತಾರೆ ಅಂದದ್ದು ಯಾರು ಎಂದಳು. ಎಮಿಲ್ ಕಾಫಿ ಬಿಟ್ಟು ಎದ್ದ. ಕೆಳಗೆ ಹೋದವನು ಮಧ್ಯಾಹ್ನದ ಊಟಕ್ಕೆ ಮೇಲೆ ಬರಲಿಲ್ಲ. ಬರುವಾಗ ಕೈಯಲ್ಲಿ ಒಂದು ಶೂ ಪೆಟ್ಟಿಗೆ, ಒಂದು ಲಕೋಟೆ. ಪೆಟ್ಟಿಗೆಯಲ್ಲಿ ಆಲ್ಬಮ್ಮಿನ ಉಳಿಕೆ ಕಾರ್ಡುಗಳು; ಲಕೋಟೆಯಲ್ಲಿ ಸೆಟ್ಟಿನಿಂದ ತೆಗೆದ ಎಂಟು. ಒಹಾಯೋದವನಿಗೆ ಹದಿನಾಲ್ಕನ್ನೂ ವಾಪಸ್ ಕೇಳಿ ಕಾಗದ ಬರೆದಿದ್ದ. ಅವು ಬರಲಿಲ್ಲ; ಆ ಮನುಷ್ಯ ಬೇರೆಯವರಿಗೆ ದಾಟಿಸಿಯಾಗಿತ್ತು.

ಮಂಗಳವಾರ ವೆರೋನ ಎಂದಿನಂತೆ ಎದುರು ಕೂತು ಕಡುಬು ಒತ್ತಿದಳು. ಎಲ್ಲರ ಜೊತೆಯೂ ಮಾತಾಡಿದಳು. ಯಾರಿಗೂ ಏನೂ ಹೇಳಿರಲಿಲ್ಲ ಎಂಬುದು ಉಳಿದವರ ಮುಖದಿಂದ ಗೊತ್ತಾಗುತ್ತಿತ್ತು. ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿತು ಬರ್ನಡೆಟ್‌ಗೆ. ನಾಲ್ಕು ಜನ ಉಗಿದಿದ್ದರೆ ಒರೆಸಿಕೊಳ್ಳಬಹುದಿತ್ತು.

ಗುರುವಾರ ಎಮಿಲ್ ಕಾರಿನಲ್ಲಿ ಕರೆದುಕೊಂಡು ಹೋದ. ಕಟ್ಟಡದ ಮುಂದೆ ನಿಲ್ಲಿಸಿ, ಸ್ಟೀರಿಂಗ್ ಹಿಡಿದೇ ಕೂತ. "ನಾನು ಬರಲ್ಲ," ಎಂದ. "ನನಗೆ ಮುಖ ಇ‌ಲ್ಲ." ಬರ್ನಡೆಟ್ ತನ್ನ ಮುಖ ಹೊತ್ತುಕೊಂಡು ಮೂರನೆಯ ಮಹಡಿಗೆ ಹತ್ತಿದಳು.

ವೆರೋನ ಈರುಳ್ಳಿ ಬಾಡಿಸುತ್ತಿದ್ದಳು, ತೆಳ್ಳನೆಯ ಹೊಸ ಬಾಣಲೆಯಲ್ಲಿ. ತಳ ಹಿಡಿಯುತ್ತಿತ್ತು. ಆ ನೀಲಿ ಪಾತ್ರೆಯನ್ನು ಎಲ್ಲಿ ನೋಡಿದ್ದೆನೆಂದು ಬರ್ನಡೆಟ್ ಈಗ ಕೇಳಿಕೊಳ್ಳಬೇಕಾಗಿರಲಿಲ್ಲ. ನಲವತ್ತು ವರ್ಷ ವೆರೋನಳ ಮನೆಯಲ್ಲಿ ಅದರಿಂದಲೇ ತಿಂದಿದ್ದಳು.

ಕೂತುಕೋ ಎಂದು ವೆರೋನ ಹೇಳಲಿಲ್ಲ. ಬರ್ನಡೆಟ್ ನಿಂತೇ ಹೇಳಿದಳು. ಕಣ್ಣಿಗೆ ಬೀಳಲಿಲ್ಲ ಅಂದದ್ದು ಸುಳ್ಳು. ಬಿದ್ದಿತ್ತು, ಬರಹವೂ ಕಂಡಿತ್ತು, ಕಂಡೇ ತೆಗೆದುಕೊಂಡೆ.

"ಪುಟಗಳು?"

"ನೀರಿಗೆ ಹಾಕಿದ್ವಿ. ಶಾಯಿ ಹೋಯ್ತು. ಕಾಗದ ಕಸಕ್ಕೆ ಹಾಕಿದೆ. ಎಮಿಲ್ ಅಲ್ಲ, ನಾನು."

ವೆರೋನ ಒಲೆ ಆರಿಸಿದಳು. "ಏನು ಬರೆದಿದ್ದ ಅವನು?"

"ನಾನು ಓದಲಿಲ್ಲ."

"ಒಂದೂ?"

"ಟೆಸ್ ಒಂದನ್ನ ಜೋರಾಗಿ ಓದಿದಳು. ಅದೊಂದೇ. 'ಮಳೆ. ಏಳನೇ ಸುತ್ತಿಗೆ ಆಟ ನಿಂತಿತು. ಅಪ್ಪ ಕುರ್ಚಿಯಲ್ಲೇ ನಿದ್ದೆ ಹೋದ.'"

ವೆರೋನ ಮೇಜಿನ ಅಂಚು ಹಿಡಿದು ಕೂತಳು. "ಅಪ್ಪನಿಗೆ ಆಗ ಎರಡು ಪಾಳಿ," ಎಂದಳು. "ಬಾಯಿ ತೆರೆದು ಮಲಗೋನು." ಲಕೋಟೆಯ ಕಾರ್ಡುಗಳನ್ನು ಮೇಜಿನ ಮೇಲೆ ಹರವಿ, ಮೀಸೆಯದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದಳು. "ಇದರ ಕೆಳಗೆ? ಇದರ ಕೆಳಗೆ ಏನಾದ್ರೂ ಬರೆದಿದ್ನಾ? ನನ್ನ ಬಗ್ಗೆ?"

ಹೌದು ಎನ್ನಬಹುದಿತ್ತು. ಮಾತು ಸಿದ್ಧವಾಗಿ ನಾಲಿಗೆಯ ಮೇಲೆ ಬಂದು ಕೂತಿತ್ತು ಕೂಡ: ಅಕ್ಕ ಬರೆದ ಮೀಸೆ, ಈಗ ಇವನೇ ಚೆಂದ. ಎಮಿಲ್ ಅಂದದ್ದೇ ಹೆಚ್ಚುಕಡಿಮೆ. ಪರೀಕ್ಷಿಸುವವರು ಯಾರೂ ಇಲ್ಲ. ಎಪ್ಪತ್ತಾರು ವರ್ಷದ ಆ ಮುಖ ಎದುರಿಗೆ ಹುಡುಗಿಯ ಮುಖದಂತೆ ಕಾಯುತ್ತಿತ್ತು.

"ಗೊತ್ತಿಲ್ಲ, ವೆರೋನ," ಎಂದಳು ಬರ್ನಡೆಟ್. "ನಾನು ನೋಡಲಿಲ್ಲ. ಆಲೂಗಡ್ಡೆ ಸುಲೀತಿದ್ದೆ."

ವೆರೋನ ಮೀಸೆಯ ಕಾರ್ಡನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟಳು. ಉಳಿದ ಏಳನ್ನು, ಶೂ ಪೆಟ್ಟಿಗೆಯನ್ನು ಮೇಜಿನಾಚೆ ತಳ್ಳಿದಳು.

"ಈ ಗಂಡಸರ ಮುಖ ಕಟ್ಕೊಂಡು ನನಗೇನಾಗಬೇಕು? ತಗೊಂಡು ಹೋಗು."

"ನಮಗೂ ಬೇಡ. ಎಮಿಲ್ ಇಟ್ಕೊಳ್ಳಲ್ಲ."

"ಹಾಗಾದ್ರೆ ನೀನೇ ಹೊತ್ಕೊಂಡಿರು," ಎಂದಳು ವೆರೋನ, ಮತ್ತೆ ಒಲೆ ಹಚ್ಚುತ್ತ.

ಎಷ್ಟು ಇಟ್ಟುಕೊಂಡಳು ಎಂದು ಎಮಿಲ್ ಕಾರಿನಲ್ಲಿ ಕೇಳಿದ. ಒಂದು ಎಂದಳು. ಯಾವುದು ಎಂದು ಅವನು ಕೇಳಲಿಲ್ಲ. ಮನೆಗೆ ಬಂದು ಹೊಸ ಚೀಟಿ ಹರಿದು ಎಂಟು ನಂಬರು ಬರೆದು ಜೇಬಿಗಿಟ್ಟುಕೊಂಡ. ಅವುಗಳಲ್ಲಿ ಏಳು ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಪಕ್ಕದ ಲಕೋಟೆಯಲ್ಲೇ ಇದ್ದವು. ಮಾರ್ಲೀನ್ ಮೇಜು ಒರೆಸುವಾಗ ಉಪ್ಪು ಎತ್ತಿದಳು, ಲಕೋಟೆಯ ಸುತ್ತ ಒರೆಸಿದಳು. ಬೀರು ಕೆಳಗೇ ಇತ್ತು. ಅದರ ಬಗ್ಗೆ ಯಾರೂ ತಮಾಷೆ ಮಾಡಲಿಲ್ಲ.

ಈಸ್ಟರಿನ ಮುಂಚಿನ ಕೊನೆಯ ಮಂಗಳವಾರ ಬರ್ನಡೆಟ್ ಬೇಗ ಹೋಗಿ ಉದ್ದ ಮೇಜಿನ ತುದಿಯಲ್ಲಿ, ಬಾಗಿಲ ಗಾಳಿಗೆ ಯಾರೂ ಕೂರದ ಜಾಗದಲ್ಲಿ ಕೂತಳು. ವೆರೋನ ಬಂದಳು. ತನ್ನ ಜಾಗ ನೋಡಿದಳು, ಎದುರಿನ ಖಾಲಿ ಕುರ್ಚಿ ನೋಡಿದಳು. ಏಪ್ರನ್ ಕಟ್ಟಿಕೊಂಡು, ಹಿಟ್ಟಿನ ಬಿಲ್ಲೆಗಳ ತಟ್ಟೆ ಹಿಡಿದು ಮೇಜಿನುದ್ದಕ್ಕೂ ನಡೆದು ತುದಿಗೆ ಬಂದು ನಿಂತಳು. ಬರ್ನಡೆಟ್ ಒತ್ತಿಟ್ಟಿದ್ದ ಸಾಲಿನಿಂದ ಒಂದು ಕಡುಬು ಎತ್ತಿ ತಿರುಗಿಸಿ ನೋಡಿದಳು.

"ಬಾಯಿ ಬಿಟ್ಟಿದೆ," ಎಂದಳು. "ಒತ್ತು. ನೀರಿಗೆ ಬಿದ್ದಮೇಲೆ ಒಳಗಿನದು ನಿನ್ನ ಮಾತು ಕೇಳಲ್ಲ."

ಸುತ್ತಲಿದ್ದವರು ಹಳೆಯ ತಮಾಷೆಯೆಂದು ನಕ್ಕರು. ನಲವತ್ತು ವರ್ಷವಾದರೂ ಐರಿಶ್ ಕೈ ಐರಿಶ್ ಕೈಯೇ ಎಂದು ಯಾರೋ ಅಂದರು. ಬರ್ನಡೆಟ್ ತಟ್ಟೆಯಲ್ಲಿದ್ದ ಮೂರು ಡಜನನ್ನೂ ಮತ್ತೆ ಹತ್ತಿರಕ್ಕೆ ಎಳೆದುಕೊಂಡು, ಒಂದೊಂದರ ಅಂಚನ್ನೂ ಹೆಬ್ಬೆರಳಿನಲ್ಲಿ ಎರಡೆರಡು ಸಲ ಒತ್ತಿದಳು. ಮುಗಿಸಿ ನೋಡಿದರೆ ವೆರೋನ ಅಲ್ಲೇ, ಗಾಳಿಗೆ ಬೆನ್ನು ಕೊಟ್ಟು ಎದುರಿನ ಕುರ್ಚಿಯಲ್ಲಿ ಕೂತಿದ್ದಳು. ಮುಖ ನೋಡದೆ ಇನ್ನೊಂದು ತಟ್ಟೆಯನ್ನು ಅವಳತ್ತ ತಳ್ಳಿದಳು.